ಅರಳು ಮರಳು ಅಂತ ಸುಮ್ನಿರಬೇಡಿ

ಕೊಡಗಿನ ಪೊನ್ನಂಪೇಟೆ ಹತ್ತಿರದ ನೆಂಟರ ಮನೆ. ಒಲೆಯ ಮೇಲೆ ಪಂದಿ ಕರಿ ಕುದಿಯುತ್ತಿತ್ತು. ಅಜ್ಜಿ ಹುಳಿಗೆ ಹಾಕುವ ಕಾಚಂಪುಳಿ ಬಾಟಲಿ ಹಿಡಿದು "ಹಾಕಿದೆನಾ?" ಅಂದರು. ಸೊಸೆ "ಹಾಕಿದ್ರಿ" ಅಂದರು. ಎರಡು ನಿಮಿಷಕ್ಕೆ ಮತ್ತೆ ಅದೇ ಬಾಟಲಿ, ಅದೇ ಪ್ರಶ್ನೆ. ಮನೆಯವರು "ಅರವತ್ತಕ್ಕೆ ಅರಳು ಮರಳು" ಅಂದುಬಿಟ್ಟರು.

ಈ ಗಾದೆ ಕೇಳಿದರೆ ನನಗೆ ಸಂಕಟವಾಗುತ್ತದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಪರೀಕ್ಷೆ ಮಾಡಿಸದೆ ಗೊತ್ತಾಗುವುದು ಹೇಗೆ?

ಡಾಕ್ಟರು ಕೆಲವು ಪದ ಹೇಳಿ, ನಡುವೆ ಬೇರೆ ಕೆಲಸ ಕೊಟ್ಟು, ಐದು ನಿಮಿಷ ಬಿಟ್ಟು ಕೇಳುತ್ತಾರೆ. ನೆನಪಾಗದಿದ್ದರೆ "ಅದೊಂದು ಹಣ್ಣು" ಅಂತ ಸುಳಿವು ಕೊಡುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಈ ಸುಳಿವೇ. ಕಾಫಿ ಗೋದಾಮು ನೆನೆಸಿಕೊಳ್ಳಿ. ಮೂಟೆ ಒಳಗಿದ್ದು ಕಾಣಿಸದಿದ್ದರೆ, "ಕಿಟಕಿ ಪಕ್ಕ ನೋಡು" ಅಂದರೆ ಸಿಗುತ್ತದೆ. ಮೂಟೆ ಕಣದಿಂದ ಒಳಗೆ ಬಂದೇ ಇಲ್ಲದಿದ್ದರೆ? ಎಷ್ಟು ಸುಳಿವು ಕೊಟ್ಟರೂ ಸಿಗದು. ಶಾಯಿಯಿಲ್ಲದ ಮೊಹರು ಒತ್ತಿದ ಹಾಗೆ: ಒತ್ತಿದ್ದು ನಿಜ, ಗುರುತು ಬಿದ್ದಿಲ್ಲ. ಮೂಟೆ ಒಳಗೆ ಹೊರುವ ಆಳು ಮೆದುಳಿನ ಹಿಪ್ಪೊಕ್ಯಾಂಪಸ್. ಮರೆವಿನ ಕಾಯಿಲೆ ಆಲ್ಝೈಮರ್ ಸಾಮಾನ್ಯವಾಗಿ ಬೇಗ ಹೊಡೆಯುವುದು ಈ ಆಳನ್ನೇ. ಐವತ್ತು ವರ್ಷದ ಹಿಂದಿನ ಪುತ್ತರಿ ಸುಗ್ಗಿ ಹಬ್ಬವನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳುವವರಿಗೆ ಈಗಷ್ಟೇ ಸುರಿದ ಕಾಚಂಪುಳಿ ನೆನಪಿರುವುದಿಲ್ಲ. ಹಳೆಯ ಮೂಟೆಗಳು ಆಗಲೇ ಒಳಗೆ ಸೇರಿವೆ, ಅಲ್ವಾ?

1975ರಲ್ಲಿ ಅಮೆರಿಕದಲ್ಲಿ ಬಂದ, ನೆನಪು ಮತ್ತು ಯೋಚನಾಶಕ್ತಿ ಅಳೆಯುವ 30 ಅಂಕದ ಎಂಎಂಎಸ್‌ಇ ಪರೀಕ್ಷೆ ಜಗತ್ತಿನಾದ್ಯಂತ ಹರಡಿತು. 100ರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ ಅಂತೆಲ್ಲ ಅದರಲ್ಲಿದೆ. ಶಾಲೆಗೇ ಹೋಗದವರು ಏನು ಮಾಡಬೇಕು? 1990ರ ದಶಕದಲ್ಲಿ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗರಿಗಾಗಿ ಅದನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿದರು. ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿ, ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ ಅಂತ ಕೇಳಿದರು. ಎಂಥ ಸರಳ ಬದಲಾವಣೆ! ನಮ್ಮಲ್ಲೂ ಕೊಡವ ತಕ್ಕ್ ಮಾತಾಡುವ ಅಜ್ಜಿಗೆ ಅದರಲ್ಲೇ, ಅರೆಭಾಷೆಯ ತಾತನಿಗೆ ಅರೆಭಾಷೆಯಲ್ಲೇ ಕೇಳಬೇಕು. ಕನ್ನಡಕ, ಕಿವಿ ಯಂತ್ರ ಮರೆಯದೆ ಒಯ್ಯಿರಿ. ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೂ ಅಂಕ ಹೋಗುತ್ತದೆ.

ಒಂದೇ ಸಲದ ಅಂಕ ನೋಡಿ ಹೆದರಬೇಡಿ. ಶಾಲೆಗೆ ಹೋಗದವರು ವರ್ಷಗಟ್ಟಲೆ 22ರಲ್ಲೇ ಇರಬಹುದು. ನಿವೃತ್ತ ಮೇಷ್ಟ್ರು 29ರಿಂದ 25ಕ್ಕೆ ಇಳಿದರೆ ಯೋಚನೆ ಜಾಸ್ತಿ. ಅವರನ್ನು ಹೋಲಿಸಬೇಕಾದ್ದು ಅವರ ಹಳೆಯ ಅಂಕದ ಜೊತೆಗೇ. ಮುಂದಿನ ಸಲ ಬೇರೆ ಪದಗಳಿದ್ದರೆ ಒಳ್ಳೆಯದು. ಅವೇ ಪದ ಕೇಳಿದರೆ ಅಭ್ಯಾಸಬಲದಿಂದ ಅಂಕ ಏರುತ್ತದೆ.

ಮನೆಯಲ್ಲಿ ಕಂಡದ್ದೂ ಡಾಕ್ಟರಿಗೆ ಬೇಕು. ಆಳುಗಳ ಕೂಲಿ ಲೆಕ್ಕ ತಪ್ಪಿತಾ, ಒಳ್ಳೆಮೆಣಸು ಮಾರಿದ ದುಡ್ಡು ಎಲ್ಲಿಟ್ಟರು ಅಂತ ಮರೆತರಾ, ದಾರಿ ತಪ್ಪಿತಾ. ಆ ಸೊಸೆ ಅಂದೇ ಒಂದು ನೋಟ್‌ಬುಕ್ ತೆಗೆದರು. ತಾರೀಖು ಹಾಕಿ ಬರೆದರು: "ಕಾಚಂಪುಳಿ. ಎರಡು ಸಲ ಕೇಳಿದರು. ಉಪ್ಪು, ಖಾರ ಸರಿಯಾಗಿತ್ತು."