ಶಿಬಿರದಲ್ಲಿ ಕೆಲಸ ಹಂಚುವ ವಿದ್ಯೆ

ಕಾಲೇಜುಗಳಲ್ಲಿ ವಿದ್ಯಾರ್ಥಿ ನಾಯಕರನ್ನು ಆರಿಸುವಾಗ ಮೊದಲು ಕಣ್ಣಿಗೆ ಬೀಳುವುದು ಮೈಕ್ ಮುಂದೆ ಗಟ್ಟಿಯಾಗಿ ಮಾತಾಡುವವರು. ಈ ಆಯ್ಕೆ ಎಲ್ಲಿ ಎಡವುತ್ತದೆ ಎಂದು ನೋಡಬೇಕಾದರೆ ಕೊಪ್ಪಳದ ಕಡೆಯ ಯಾವುದಾದರೂ ಹಳ್ಳಿಯಲ್ಲಿ ನಡೆಯುವ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಶಿಬಿರಕ್ಕೆ ಮೂರನೇ ದಿನ ಹೋಗಬೇಕು. ಸ್ವಯಂಸೇವಕರು ಎರಡು ವರ್ಷದಲ್ಲಿ ಮಾಡಬೇಕಾದ 240 ಗಂಟೆಗಳ ಸೇವೆ ಒಂದು ಕಡೆ, ಏಳು ದಿನದ ಈ ಶಿಬಿರ ಇನ್ನೊಂದು ಕಡೆ. ಮೂರನೇ ದಿನದ ಹೊತ್ತಿಗೆ ಮಾತುಗಾರ ನಾಯಕ ಎಲ್ಲವನ್ನೂ ತಾನೇ ಮಾಡಿ ಸುಸ್ತಾಗಿರುತ್ತಾನೆ, ಉಳಿದವರು ನೆರಳಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ.

ಅವನು ಸೋಮಾರಿಯಲ್ಲ. ಕೆಲಸ ಹೇಳುವುದು ಅವನಿಗೆ ಬರುವುದಿಲ್ಲ, ಅಷ್ಟೆ. "ಯಾರರ ಒಬ್ರು ಡ್ರಮ್ ತುಂಬಸ್ರಿ" ಎಂದರೆ ಐವತ್ತು ಜನರಲ್ಲಿ ಒಬ್ಬರೂ ಏಳುವುದಿಲ್ಲ. "ಬಸಮ್ಮ, ನೀನು ಹುಸೇನ ಕೂಡಿ ಆರೂವರೆ ಒಳಗ ಎರಡು ಡ್ರಮ್ ತುಂಬಸ್ರಿ, ಆದ ಮ್ಯಾಲ ನನಗ ಹೇಳ್ರಿ" ಎಂದರೆ ಡ್ರಮ್ ತುಂಬುತ್ತದೆ. ಹೆಸರು, ಕೆಲಸ, ಅಳತೆ, ಹೊತ್ತು, ವರದಿ: ಐದರಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಕೊನೆಯದು.

ಏಳೆಂಟು ಜನರ ತಂಡ ಮಾಡಿ, ದಿನಕ್ಕೊಬ್ಬರಂತೆ ನಾಯಕರನ್ನು ಬದಲಿಸಿ. ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಸುತ್ತ ಕೂತು ಆ ದಿನದ ಲೆಕ್ಕ ನೋಡಿ. ಏನು ಆಯಿತು, ಏನು ಉಳಿಯಿತು, ಯಾಕೆ ಉಳಿಯಿತು. ಇಲ್ಲಿ ನಾಯಕ ಕೊನೆಗೆ ಮಾತಾಡಬೇಕು. ಅವನು ಮೊದಲು ಬಾಯಿ ತೆರೆದರೆ ಉಳಿದವರು "ಹೌದ್ರಿ" ಎಂದು ತಲೆಯಾಡಿಸಿ ಎದ್ದುಬಿಡುತ್ತಾರೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ತಮ್ಮ ಆಡುಮಾತಿನಲ್ಲೇ ಮಾತಾಡಲಿ. ಅವರ ಕನ್ನಡ ತಿದ್ದಲು ಹೋದರೆ ನಾಳೆಯಿಂದ ಬಾಯೇ ಬಿಡುವುದಿಲ್ಲ.

ಇನ್ನೊಂದು ಹಳೇ ರೂಢಿ: ಹುಡುಗಿಯರಿಗೆ ರಂಗೋಲಿ, ಸ್ವಾಗತಗೀತೆ, ಹುಡುಗರಿಗೆ ಪಂಚಾಯಿತಿ ಸದಸ್ಯರ ಜೊತೆ ಮಾತುಕತೆ, ಖರ್ಚಿನ ಪುಸ್ತಕ. ಇದನ್ನು ಅದಲುಬದಲು ಮಾಡಿ. ಭಾಷಣಕ್ಕಿಂತ ಖರ್ಚಿನ ಪುಸ್ತಕ ಹೆಚ್ಚು ಕಲಿಸುತ್ತದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಬಿಲ್ ಕೊಡುವುದಿಲ್ಲ. ಕೊಂಡದ್ದನ್ನು ಅಲ್ಲೇ ನಿಂತು ಬರೆದುಕೊಳ್ಳಬೇಕು. ರಾತ್ರಿಗೆ ಬಿಟ್ಟರೆ ಈರುಳ್ಳಿ ನೆನಪಿರುತ್ತದೆ, ಕೊತ್ತಂಬರಿ ಮರೆತುಹೋಗುತ್ತದೆ. ದುಡ್ಡು ಇಟ್ಟುಕೊಳ್ಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಇರಲಿ. ಇಬ್ಬರೂ ದಿನಾ ರಾತ್ರಿ ಎದುರುಬದುರು ಕೂತು ಎಣಿಸಲಿ.