ಪದ ಪರಿಚಯ: ಹಸಿರು ಸಹಾಯಧನ

ಪರಿಸರಕ್ಕೆ ಕಡಿಮೆ ಹಾನಿಯಾಗುವ ವಸ್ತುವನ್ನು ತಯಾರಿಸುವ ಅಥವಾ ಅಂಥ ವಿಧಾನವನ್ನು ಅಳವಡಿಸಿಕೊಳ್ಳುವ ಉದ್ದಿಮೆಗಳಿಗೆ ಸರ್ಕಾರ ನೀಡುವ ಹಣಕಾಸಿನ ನೆರವನ್ನು ಹಸಿರು ಸಹಾಯಧನ ಎನ್ನುತ್ತಾರೆ. ಅದು ನಗದಾಗಿಯೇ ಬರಬೇಕೆಂದಿಲ್ಲ. ತೆರಿಗೆ ರಿಯಾಯಿತಿ, ಕಡಿಮೆ ಬಡ್ಡಿಯ ಸಾಲ, ಗ್ರಾಹಕ ಕೊಡುವ ಬೆಲೆಯಲ್ಲಿನ ಕಡಿತ ಎಲ್ಲವೂ ಇದರ ರೂಪಗಳೇ. ಒಂದು ಕಂಪನಿ ಕಷ್ಟಪಟ್ಟು ಕಂಡುಕೊಂಡದ್ದನ್ನು ಉಳಿದವು ನೋಡಿ ಕಲಿಯುತ್ತವೆ, ತಗ್ಗಿದ ಹೊಗೆಯ ಲಾಭ ಊರಿಗೆಲ್ಲ ಸಲ್ಲುತ್ತದೆ. ಹೀಗಾಗಿ ಸಂಶೋಧನೆಗೆ ಸ್ವಂತ ಹಣ ಹೂಡಲು ಕಂಪನಿಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯನ್ನು ನೀಗಿಸುವುದು ಈ ನೆರವಿನ ಉದ್ದೇಶ.

ನೆರವು ಯಾವುದನ್ನು ಅಳೆದು ಕೊಡಲಾಗುತ್ತದೋ ಕಂಪನಿಯ ಬುದ್ಧಿ ಅತ್ತಲೇ ಹರಿಯುತ್ತದೆ. ಗಾಳಿ ವಿದ್ಯುತ್ ಇದಕ್ಕೆ ಸ್ಪಷ್ಟ ಉದಾಹರಣೆ. ಗಾಳಿಯಂತ್ರದ ಬೆಲೆಯ ಶೇ 80ರಷ್ಟನ್ನು ಮೊದಲ ವರ್ಷವೇ ಸವಕಳಿ, ಅಂದರೆ ಯಂತ್ರದ ಸವೆತದ ವೆಚ್ಚ, ಎಂದು ತೋರಿಸಿ ಲಾಭದಿಂದ ಕಳೆಯಲು ಅವಕಾಶವಿದ್ದಾಗ, ಯಂತ್ರವನ್ನು ಸ್ಥಾಪಿಸಿದೊಡನೆಯೇ ತೆರಿಗೆ ಉಳಿಯುತ್ತಿತ್ತು. ಅದು ಎಷ್ಟು ತಿರುಗಿತೆಂಬುದು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. 2009ರಲ್ಲಿ ಬಂದ ಇನ್ನೊಂದು ಯೋಜನೆ ಉತ್ಪಾದಿಸಿದ ಪ್ರತಿ ಯೂನಿಟ್‌ಗೆ 50 ಪೈಸೆ ಕೊಟ್ಟಿತು. ಉತ್ತಮ ಗಾಳಿಯ ಜಾಗ ಹುಡುಕಲು, ಯಂತ್ರವನ್ನು ಸುಸ್ಥಿತಿಯಲ್ಲಿಡಲು ಕಾರಣ ಹುಟ್ಟುವುದು ಈ ಎರಡನೆಯ ಬಗೆಯಲ್ಲಿ.

ಎಲೆಕ್ಟ್ರಿಕ್ ಸ್ಕೂಟರ್‌ಗಳ ವಿಷಯದಲ್ಲಿ ಷರತ್ತುಗಳೇ ಕೆಲಸ ಮಾಡಿದವು. ಎಲೆಕ್ಟ್ರಿಕ್ ವಾಹನಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ 2019ರ ಫೇಮ್-2 ಯೋಜನೆ ಲೆಡ್ ಆಸಿಡ್ ಬ್ಯಾಟರಿಯ ವಾಹನಗಳನ್ನು ಹೊರಗಿಟ್ಟದ್ದರಿಂದ, ಸಬ್ಸಿಡಿ ಬೇಕೆಂದ ತಯಾರಕರು ಲಿಥಿಯಂ ಬ್ಯಾಟರಿಯ ಕಡೆ ತಿರುಗಲೇಬೇಕಾಯಿತು. ಆದರೆ ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಗಂಟೆಗೆ 10,000 ರೂಪಾಯಿಯಿದ್ದ ನೆರವು 2021ರಲ್ಲಿ 15,000ಕ್ಕೆ ಏರಿ, 2023ರಲ್ಲಿ ಮತ್ತೆ 10,000ಕ್ಕೆ ಇಳಿಯಿತು. ವರ್ಷಗಟ್ಟಲೆ ಹಿಡಿಯುವ ಪ್ರಯೋಗಾಲಯದ ಕೆಲಸವನ್ನು ಇಂಥ ಏರಿಳಿತದ ಮೇಲೆ ನಂಬಿಕೆಯಿಟ್ಟು ಯಾರು ಕೈಗೆತ್ತಿಕೊಂಡಾರು?

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಚಿತ್ರ ಬೇರೆಯದು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಪಾರ್ಕ್‌ನಂಥವುಗಳಿಗೆ ಕೇಂದ್ರದ ಯೋಜನೆ ಮೆಗಾವ್ಯಾಟ್‌ಗೆ ಗರಿಷ್ಠ 20 ಲಕ್ಷ ರೂಪಾಯಿ ನಿಗದಿಪಡಿಸಿತ್ತು. ಅದು ರಸ್ತೆ, ವಿದ್ಯುತ್ ಮಾರ್ಗಗಳಂಥ ಸೌಕರ್ಯಕ್ಕೆ. ಕಂಪನಿಗಳು ಸ್ಪರ್ಧಿಸಿದ್ದು ಯೂನಿಟ್ ದರವನ್ನು ತಗ್ಗಿಸುವುದರಲ್ಲಿ, ಆದ್ದರಿಂದ ಯಾರೂ ಪರೀಕ್ಷಿಸದ ಹೊಸ ಫಲಕವನ್ನು ತಂದು ನಷ್ಟದ ಭಯ ಹೊರುವ ಅಗತ್ಯ ಅವುಗಳಿಗಿರಲಿಲ್ಲ. ಅಲ್ಲಿನ ನಿಜವಾದ ಹೊಸತನ ಇರುವುದು ಭೂಮಿಯ ಒಪ್ಪಂದದಲ್ಲಿ ಎಂದು ನನಗನ್ನಿಸುತ್ತದೆ: ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಂದಿಗೆ, ರೈತರಿಂದ ಗುತ್ತಿಗೆಗೆ ಪಡೆಯಲಾಯಿತು.

ಫಲಕದ ತಂತ್ರಜ್ಞಾನಕ್ಕೆ ನೇರವಾಗಿ ಕೈಹಾಕಿದ್ದು 2021ರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ. ಫಲಕದ ದಕ್ಷತೆ ಹೆಚ್ಚಿದಷ್ಟೂ ನೆರವೂ ಹೆಚ್ಚು ಎಂಬುದು ಅದರ ಒಳ್ಳೆಯ ಗುಣ. ಆದರೆ ಆ ಹಣ ಕೈಸೇರುವುದು ಕಾರ್ಖಾನೆ ಕಟ್ಟಿ, ಮಾಲು ಮಾರಿದ ಮೇಲೆ. ಅಲ್ಲಿಯವರೆಗೆ ಕಾಯುವ ಶಕ್ತಿ ದೊಡ್ಡ ಕಂಪನಿಗಳಿಗಿದೆ, ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೆ ಮೊದಲು ಬೇಕಾಗುವುದು ಪ್ರಯೋಗ ನಡೆಸಲು ಮುಂಗಡ ಹಣ.