ರೆಸಿಪಿಗೆ ಅಳತೆ ಬಂದಿದ್ದು ಯಾವಾಗ, ಅದರ ಕ್ರೆಡಿಟ್ ಯಾರಿಗೆ ಸಲ್ಲಬೇಕು?

ಈಗ ಯಾವ ಅಡುಗೆ ಪುಸ್ತಕ ತೆಗೆದ್ರೂ ಮೊದಲು ಸಾಮಾನಿನ ಪಟ್ಟಿ, ಪಕ್ಕದಲ್ಲಿ ಇಷ್ಟು ಗ್ರಾಂ ಇಷ್ಟು ಕಪ್, ಆಮೇಲೆ ಮಾಡೋ ವಿಧಾನ. ಇಂಗ್ಲಿಷ್ ಅಡುಗೆ ಪುಸ್ತಕಗಳ ಮಟ್ಟಿಗೆ ಹೇಳೋದಾದ್ರೆ ಈ ರೂಪಕ್ಕೆ ಇನ್ನೂರು ವರ್ಷ ಕೂಡ ಆಗಿಲ್ಲ. ಅದಕ್ಕೂ ಹಿಂದಿನ ಪುಸ್ತಕ ಓದಿದವರು ಇದರಲ್ಲಿ ಏನೂ ಸರಿಯಾಗಿ ಬರೆದೇ ಇಲ್ಲ ಅಂತ ಪಕ್ಕಕ್ಕಿಟ್ಬಿಡ್ತಾರೆ, ನನಗೆ ಅದು ಬೇಜಾರು, ಯಾಕಂದ್ರೆ ಆ ಪುಸ್ತಕಗಳಲ್ಲಿ ಕೊರತೆ ಇರಲಿಲ್ಲ, ಅವನ್ನ ಓದ್ತಿದ್ದವರು ಬೇರೆ.

1390ರ ಸುಮಾರಿಗೆ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಅಡುಗೆಯವರ ಪಾಕಗಳನ್ನ ಬರೆದಿಟ್ಟ ‘ಫಾರ್ಮ್ ಆಫ್ ಕ್ಯೂರಿ’ ನೋಡಿ. ಇದನ್ನ ತಗೊ, ಹೆಚ್ಚು, ಮಸಾಲೆ ಹಾಕು, ಬೇಯಿಸು, ಬಡಿಸು, ಇಷ್ಟೇ ಧಾಟಿ. ಎಷ್ಟು, ಎಷ್ಟು ಹೊತ್ತು ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ವರ್ಷಗಟ್ಟಲೆ ಒಲೆ ಮುಂದೆ ನಿಂತು ಕೈ ಪಳಗಿದವನಿಗೆ ಹದ ಹೇಳಿಕೊಡೋ ಅಗತ್ಯ ಇರಲಿಲ್ಲ, ಯಾವುದರ ಜೊತೆ ಯಾವುದು ಹೋಗುತ್ತೆ ಅಂತ ನೆನಪಿಸಿದ್ರೆ ಸಾಕಿತ್ತು.

ಹಾಗಂತ ಅಳತೆ ಬಗ್ಗೆ ಯೋಚನೆನೇ ಇರಲಿಲ್ಲ ಅಂತಲ್ಲ, ಎಲ್ಲರ ಅಡುಗೆಮನೆಯಲ್ಲೂ ಅಳೆಯೋ ಸಾಧನ ಇರಲಿಲ್ಲ. ಬೆಣ್ಣೆ ಅಂದ್ರೆ ಅಕ್ರೋಟು ಗಾತ್ರ, ಮೊಟ್ಟೆ ಗಾತ್ರ ಅಂತ ಹೇಳ್ತಿದ್ರು, ಹೊತ್ತನ್ನ ಪ್ರಾರ್ಥನೆಯಲ್ಲಿ ಎಣಿಸ್ತಿದ್ರು. ಇಂಗ್ಲೆಂಡಿನ ಶ್ರೀಮಂತ ಸರ್ ಕೆನೆಲ್ಮ್ ಡಿಗ್ಬಿ ತೀರಿಕೊಂಡ ಮೇಲೆ 1669ರಲ್ಲಿ ಅಚ್ಚಾದ ಅವನ ಪಾಕಗಳ ಪುಸ್ತಕದಲ್ಲಿ ಟೀ ಮಾಡೋ ಕ್ರಮ ಇದೆ, ಸೊಪ್ಪಿನ ಮೇಲೆ ಬಿಸಿನೀರು ಎಷ್ಟು ಹೊತ್ತು ಇರಬೇಕು ಅಂದ್ರೆ ಬೈಬಲ್ಲಿನ ಮಿಸೆರೆರೆ ಕೀರ್ತನೆಯನ್ನ ನಿಧಾನವಾಗಿ ಒಂದು ಸಲ ಹೇಳಿ ಮುಗಿಸೋ ಅಷ್ಟು ಹೊತ್ತು, ಅದಕ್ಕಿಂತ ಜಾಸ್ತಿ ಬೇಡ. ಅಡುಗೆಮನೆಯಲ್ಲಿ ಗಡಿಯಾರ ಇಲ್ಲದ ಕಾಲಕ್ಕೆ ಇದಕ್ಕಿಂತ ಕರಾರುವಾಕ್ಕಾದ ಟೈಮರ್ ಇನ್ನೇನಿರೋಕೆ ಸಾಧ್ಯ!

ಹದಿನೆಂಟನೇ ಶತಮಾನಕ್ಕೆ ಬಂದ್ರೆ ಓದೋರು ಬದಲಾಗ್ತಾರೆ. ಮಧ್ಯಮ ವರ್ಗದ ಮನೆಗಳಲ್ಲಿ ಕೆಲಸಕ್ಕೆ ಬರೋ ಹೆಣ್ಣುಮಕ್ಕಳಿಗೆ ಅರ್ಥ ಆಗೋ ಹಾಗೆ ಬರೀತೀನಿ ಅಂತ ಹೊರಟವಳು ಹ್ಯಾನಾ ಗ್ಲಾಸ್, ಅವಳ ‘ದಿ ಆರ್ಟ್ ಆಫ್ ಕುಕರಿ’ 1747ರಲ್ಲಿ ಬಂತು, ಲೇಖಕರ ಜಾಗದಲ್ಲಿ ‘ಒಬ್ಬ ಮಹಿಳೆಯಿಂದ’ ಅಂತಷ್ಟೇ ಇತ್ತು. ಹನ್ನೆರಡು ಮೊಟ್ಟೆ ಕರಿಯೋಕೆ ಆರು ಪೌಂಡ್ ಬೆಣ್ಣೆ ಸುರಿದ ಅಡುಗೆಯವನ ಕಥೆಯನ್ನ ಮುನ್ನುಡಿಯಲ್ಲೇ ಹೇಳಿ, ಅರ್ಧ ಪೌಂಡ್ ಧಾರಾಳ ಸಾಕು ಅಂತಾಳೆ. ಪಾಕಗಳಲ್ಲಿ ಸುಮಾರಷ್ಟು ಬೇರೆ ಪುಸ್ತಕಗಳಿಂದ ಎತ್ತಿದ್ದು ಅನ್ನೋದನ್ನ ಸಂಶೋಧಕರು ತೋರಿಸಿದ್ದಾರೆ, ಆಗ ಅದು ಮಾಮೂಲಿ ವಿಷಯ. ಅಳತೆ ಇಲ್ಲೂ ಅಲ್ಲೊಂದು ಇಲ್ಲೊಂದು, ವಾಕ್ಯದ ಮಧ್ಯದಲ್ಲಿ ಹುಡುಕ್ಕೋಬೇಕು.

ನಿಜವಾದ ತಿರುವು ಕೊಟ್ಟಿದ್ದು ಎಲೈಜಾ ಆಕ್ಟನ್. ಮೂಲತಃ ಕವಿ, 1826ರಲ್ಲಿ ಕವನ ಸಂಕಲನ ತಂದವಳು. 1845ರಲ್ಲಿ ಬಂದ ಅವಳ ‘ಮಾಡರ್ನ್ ಕುಕರಿ’ಯಲ್ಲಿ ಪ್ರತಿ ಪಾಕದ ಕೊನೆಗೆ ಯಾವ ಸಾಮಾನು ಎಷ್ಟು, ಎಷ್ಟು ಹೊತ್ತು ಬೇಯಬೇಕು ಅಂತ ಒಟ್ಟಿಗೆ ಬರೆದಿದ್ದಾಳೆ. ಹೆಚ್ಚಿನ ಪಾಕಗಳನ್ನ ತನ್ನ ಮನೆಯಲ್ಲೇ, ತನ್ನ ಕಣ್ಣೆದುರೇ ಮಾಡಿಸಿ ನೋಡಿದ್ದು ಅಂತಾನೂ ಹೇಳ್ತಾಳೆ. ನೋಡೋಕೆ ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ಅಮ್ಮನ ಪಕ್ಕ ನಿಂತು ಕಲಿಯೋ ಅವಕಾಶ ಸಿಗದ, ಹೊಸದಾಗಿ ಸಂಸಾರ ಹೂಡಿದ ಹುಡುಗಿ ಕೂಡ ಪುಸ್ತಕ ಒಂದನ್ನೇ ನಂಬಿ ಅಡುಗೆ ಮಾಡಬಹುದು ಅನ್ನೋ ಭರವಸೆ ಅದರಿಂದ ಬಂತು. ಅವಳ ಬರವಣಿಗೆನೂ ಸೊಗಸು: ‘ಪ್ರಕಾಶಕರ ಪುಡಿಂಗ್’ ಅಂತ ಒಂದಿದೆ, ಅದನ್ನ ಎಷ್ಟು ರಿಚ್ಚಾಗಿ ಮಾಡಿದ್ರೂ ಅತಿ ಆಗಲ್ಲವಂತೆ, ಇನ್ನೊಂದು ‘ಬಡ ಲೇಖಕರ ಪುಡಿಂಗ್’, ಅದಕ್ಕೆ ಹಾಲು, ಮೊಟ್ಟೆ, ಬ್ರೆಡ್ಡು ಇದ್ರಾಯ್ತು.

ಇವಳ ಪಾಕಗಳನ್ನ ಹೆಸರು ಹೇಳದೇ ಎತ್ಕೊಂಡವರು ಕಮ್ಮಿ ಇಲ್ಲ, 1855ರ ಆವೃತ್ತಿಯ ಮುನ್ನುಡಿಯಲ್ಲಿ ಅದರ ಬಗ್ಗೆ ನೊಂದು ಬರೆದಿದ್ದಾಳೆ. 1859ರಲ್ಲಿ ತೀರಿಕೊಂಡಳು. ಅದೇ ವರ್ಷ ಇಸಬೆಲ್ಲಾ ಬೀಟನ್ ತನ್ನ ‘ಹೌಸ್‌ಹೋಲ್ಡ್ ಮ್ಯಾನೇಜ್‌ಮೆಂಟ್’ ಅನ್ನ ತಿಂಗಳ ಕಂತುಗಳಲ್ಲಿ ಹೊರತರೋಕೆ ಶುರು ಮಾಡಿದ್ಲು, 1861ರಲ್ಲಿ ಅದು ಪುಸ್ತಕವಾಗಿ ಬಂದು ಮೊದಲ ವರ್ಷವೇ 60,000 ಪ್ರತಿ ಖರ್ಚಾಯ್ತು. ಆಕ್ಟನ್ ಕೊನೆಗಿಟ್ಟಿದ್ದ ಪಟ್ಟಿಯನ್ನ ಬೀಟನ್ ಮೇಲಕ್ಕೆ ತಂದು, ಖರ್ಚೆಷ್ಟು, ಎಷ್ಟು ಜನಕ್ಕಾಗುತ್ತೆ, ಯಾವ ಸೀಸನ್ನಿಗೆ ಅನ್ನೋದನ್ನೂ ಸೇರಿಸಿದ್ಲು. ಅದು ಒಳ್ಳೇ ಕೆಲಸವೇ, ಇವತ್ತಿಗೂ ನಾವು ಅದನ್ನೇ ಅನುಸರಿಸ್ತಿದ್ದೀವಿ. ಆದ್ರೆ ಪಾಕಗಳು ಬಹುಪಾಲು ಬೇರೆಯವರದ್ದು, ಆಕ್ಟನ್‌ದೂ ಅದರಲ್ಲಿವೆ, ದೊಡ್ಡ ಕ್ಯಾರೆಟ್ಟನ್ನ ಎರಡು ಗಂಟೆ ಬೇಯಿಸಿ ಅನ್ನೋ ಸಲಹೆನೂ ಇದೆ. ಬೀಟನ್ 28ನೇ ವಯಸ್ಸಿಗೇ ಬಾಣಂತಿ ಜ್ವರದಿಂದ ಹೋಗ್ಬಿಟ್ಲು, ಹೆಸರು ಮಾತ್ರ ಬ್ರ್ಯಾಂಡಾಗಿ ಉಳೀತು. ಆಕ್ಟನ್ ಹೆಸರು ಮರೆಯಾಯ್ತು, ಇದನ್ನ ನಾನು ಅನ್ಯಾಯ ಅಂತಲೇ ಹೇಳ್ತೀನಿ.

ಅಮೆರಿಕಾದಲ್ಲಿ ಈ ಕೆಲಸ ಮುಂದುವರಿಸಿದ್ದು ಫ್ಯಾನಿ ಫಾರ್ಮರ್. 1896ರ ಅವಳ ಬಾಸ್ಟನ್ ಕುಕಿಂಗ್ ಸ್ಕೂಲ್ ಪುಸ್ತಕದಲ್ಲಿ ಕಪ್ಪು, ಚಮಚ ತುಂಬಿಸಿ ಮೇಲೆ ಚಾಕು ಎಳೆದು ಸಮ ಮಾಡಬೇಕು ಅನ್ನೋ ನಿಯಮ ಇದೆ. ಪ್ರಕಾಶಕರಿಗೆ ನಂಬಿಕೆ ಇರದೇ ಮೊದಲ 3,000 ಪ್ರತಿಗಳ ಖರ್ಚನ್ನ ಅವಳ ಕೈಯಿಂದಲೇ ಹಾಕಿಸಿದ್ರು.

ಇಷ್ಟಾದ್ರೂ ಒಲೆಯ ಶಾಖ ಮಾತ್ರ ಅಂದಾಜಿನದ್ದೇ. ಓವನ್ನೊಳಗೆ ಬಿಳಿ ಕಾಗದ ಇಟ್ಟು ಎಷ್ಟು ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತೆ ಅಂತ ನೋಡ್ತಿದ್ರು. ಬ್ರಿಟನ್ನಿನ ಗ್ಯಾಸ್ ಒಲೆಗಳಿಗೆ ಶಾಖವನ್ನ ಒಂದೇ ಮಟ್ಟದಲ್ಲಿಡೋ ‘ರೆಗ್ಯುಲೋ’ ಥರ್ಮೋಸ್ಟ್ಯಾಟ್ ಬಂದಿದ್ದು 1923ರಲ್ಲಿ, ಅದಾದ್ಮೇಲೆ ಶಾಖಕ್ಕೂ ನಂಬರ್ ಬಂತು.

ಈ ಹಳೇ ಪುಸ್ತಕಗಳು ಈಗ ಸ್ಕ್ಯಾನ್ ಆಗಿ ಪುಕ್ಕಟೆ ಸಿಗ್ತವೆ, ಮಾಡಿ ನೋಡೋರು ಪೈಂಟ್ ಅನ್ನೋ ದ್ರವದ ಅಳತೆ ಬಂದಾಗ ಹುಷಾರಾಗಿರಿ. ಬ್ರಿಟನ್ 1824ರಲ್ಲಿ ಕಾಯ್ದೆ ಮಾಡಿ ಅಳತೆ ಬದಲಾಯಿಸ್ತು, ಅಮೆರಿಕಾ ಹಳೇದನ್ನೇ ಇಟ್ಕೊಂಡಿತು. ಹಾಗಾಗಿ ಆಕ್ಟನ್‌ಳ ಪೈಂಟ್ 568 ಮಿಲಿ, ಫಾರ್ಮರ್‌ಳದ್ದು 473 ಮಿಲಿ, ಇದನ್ನ ಅದಲು ಬದಲು ಮಾಡಿದ್ರೆ ಕಸ್ಟರ್ಡಿನ ಹದ ಕೆಡುತ್ತೆ.